ಹನ್ನೆರಡನೆಯ ಕಂತು

ಮನೆಯಿಂದ, ಅಡುಗೆಮನೆಯ ಮೇಜು
ಎಂಟನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಹುಡುಗೀ,

ಹೇಗಿದ್ದೀ? ಮೊಣಕೈ ಹತ್ತಿರ ಆವಿ ತಗುಲಿ ಸುಟ್ಟಿತ್ತಲ್ಲ, ಮಾಯಿತೇ? ಗುಳ್ಳೆ ಒಡೆಯಬೇಡ ಎಂದು ಅಷ್ಟು ಹೇಳಿದ್ದೆ, ನೀನು ಒಡೆದೇ ಇರುತ್ತೀ. ಕೆಮ್ಮು ಹೇಗಿದೆ? ಆಸ್ಪತ್ರೆಯ ಆ ಬಟ್ಟೆ ಒಗೆಯುವ ಕೋಣೆಯೊಳಗೆ ಬೇಯುವ ಸೆಕೆ, ಕೆಲಸ ಮುಗಿಸಿ ಹೊರಗೆ ಬಂದರೆ ಕೊರೆಯುವ ಗಾಳಿ. ನೀನು ಕತ್ತು ಬಿಟ್ಟುಕೊಂಡು ಬಸ್ಸಿಗೆ ಕಾಯುತ್ತಾ ನಿಂತಿರುತ್ತೀ ಎಂದು ನೆನೆದರೆ ಇಲ್ಲಿ ನನಗೆ ಕೆಮ್ಮು ಬರುತ್ತದೆ. ನಾನು ಹೊಲಿದು ಕಳಿಸಿದ ಉಣ್ಣೆಯ ಪಟ್ಟಿ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದರೆ ಯಾರಿಗೂ ಉಪಯೋಗವಿಲ್ಲ, ತೆಗೆದು ಕತ್ತಿಗೆ ಸುತ್ತಿಕೋ. ಹೊಟ್ಟೆಗೆ ಸರಿಯಾಗಿ ತಿನ್ನು. ಊಟದ ಬಿಡುವಿನಲ್ಲಿ ಬರೀ ಟೀ ಕುಡಿದು ಹೊಟ್ಟೆ ತುಂಬಿತು ಅನ್ನುವ ನಿನ್ನ ಆಟ ನನ್ನ ಹತ್ತಿರ ನಡೆಯುವುದಿಲ್ಲ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮೂರನೇ ಮಹಡಿ ಹತ್ತಿ ಬರುವಷ್ಟರಲ್ಲಿ ಎರಡು ಸಲ ಮುಷ್ಕರ ಹೂಡುತ್ತದೆ, ಅಷ್ಟೇ. ನಿನ್ನ ಗಂಡ ಬೆಳಗಿನ ಜಾವ ವ್ಯಾನು ತೆಗೆದುಕೊಂಡು ಹೋದರೆ ಮಧ್ಯಾಹ್ನ ಬರುತ್ತಾನೆ. ಈಗ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತಾನೆ. ಹಾಕಿಕೊಳ್ಳುತ್ತಾನೆ ಎಂದರೆ ಕಾಲರು ಮತ್ತು ಎದೆಯ ಭಾಗ ಮಾತ್ರ, ಬೆನ್ನು ಹಸು ಅಗಿದು ಉಗುಳಿದ ಹಾಗಿರುತ್ತದೆ. ಕೇಳಿದರೆ "ಮೇಲೆ ಕೋಟು ಇರುತ್ತಲ್ಲಮ್ಮ, ಯಾರು ನೋಡ್ತಾರೆ" ಅನ್ನುತ್ತಾನೆ. ಇಡೀ ಬೀದಿಯ ಬಟ್ಟೆಗೆ ಗೆರೆ ಕೂರಿಸಿ ಕೊಟ್ಟವಳ ಗಂಡ ಇವನು. ನಿನ್ನ ಇಸ್ತ್ರಿ ಮೇಜನ್ನು ಮಾತ್ರ ಕಿಟಕಿಯ ಪಕ್ಕದಿಂದ ಒಂದಿಂಚು ಸರಿಸಲು ಬಿಡುವುದಿಲ್ಲ. ನಾನು ಅದರ ಮೇಲೆ ಬಟ್ಟೆ ಕತ್ತರಿಸಲು ಹೋದರೆ ಮುಖ ಗಂಟಿಕ್ಕುತ್ತಾನೆ. ಬಾಯಿಬಿಟ್ಟು ಏನೂ ಹೇಳುವವನಲ್ಲ, ಅವನಪ್ಪನ ಹಾಗೆಯೇ.

ಫೋನು ಇರುವಾಗ ಕಾಗದವೇಕೆ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು "ಪರವಾಗಿಲ್ಲ ಅತ್ತೆ" ಅಂದುಬಿಡುತ್ತೀ. ಹಾಲು ಉಕ್ಕಿದರೂ ಪರವಾಗಿಲ್ಲ ಅತ್ತೆ, ಸೂರು ಕುಸಿದರೂ ಪರವಾಗಿಲ್ಲ ಅತ್ತೆ. ಈ ಸಲದ್ದು ಅಷ್ಟಕ್ಕೆ ಮುಗಿಯುವಂಥದ್ದಲ್ಲ. ಒಂದು ತಪ್ಪಾಗಿದೆ. ಆಗಿದೆ ಎಂದರೆ ತಾನಾಗಿ ಆದಂತೆ ಕೇಳಿಸುತ್ತದೆ, ನಾನೇ ಮಾಡಿದ್ದು. ನಿಂತಿದ್ದರೆ ಕೂತುಕೋ. ನಿನ್ನ ಬ್ಯಾಂಕಿನ ಸಾಲವನ್ನು ನಾನು ತೀರಿಸಿಬಿಟ್ಟಿದ್ದೇನೆ. ಹೋದ ತಿಂಗಳು ಹನ್ನೊಂದನೆಯ ಕಂತಿನ ಜೊತೆಗೆ ಉಳಿದ ಏಳನ್ನೂ ಒಂದೇ ಏಟಿಗೆ ಕಟ್ಟಿ ಬಂದೆ. ಬೇರೆ ಯಾರಿಗಾದರೂ ಹೇಳಿದರೆ ಇದರಲ್ಲಿ ತಪ್ಪೇನು, ಒಳ್ಳೆಯದೇ ಆಯಿತಲ್ಲ ಅನ್ನುತ್ತಾರೆ. ನಾನೂ ಮೂರು ದಿನದ ಹಿಂದಿನವರೆಗೆ ಹಾಗೆಯೇ ಅಂದುಕೊಂಡಿದ್ದೆ.

ನೀನು ಬ್ಯಾಂಕಿನಿಂದ ಬಂದು ಈ ಸಾಲದ ಯೋಜನೆಯನ್ನು ನನಗೆ ವಿವರಿಸಿದ ದಿನ ಚೆನ್ನಾಗಿ ನೆನಪಿದೆ. ನಿನ್ನ ಲಾಂಡ್ರಿ ಮುಚ್ಚಿ ಆಗ ಎರಡು ವರ್ಷವಾಗಿತ್ತು. ಆ ಹೋಟೆಲಿನವರು ಒಂಬತ್ತು ತಿಂಗಳ ಒಗೆತದ ಬಾಕಿ ಉಳಿಸಿಕೊಂಡು ಬಾಗಿಲು ಎಳೆದುಕೊಂಡು ಹೋದರು, ದೊಡ್ಡ ಯಂತ್ರಗಳ ಸಾಲ ನಿನ್ನ ಕತ್ತಿಗೆ ಬಂತು, ಕೋರ್ಟು ನಿನ್ನನ್ನು ದಿವಾಳಿ ಎಂದು ಬರೆಯಿತು. ಸಾಲವೇನೋ ಮನ್ನಾ ಆಯಿತು. ಆದರೆ ಎಲ್ಲಿ ಹೋದರೂ ಕಂಪ್ಯೂಟರಿನಲ್ಲಿ ನಿನ್ನ ಹೆಸರು ಹೊಡೆದು ನೋಡಿ, ನಿನ್ನ ಮುಖ ನೋಡದೆ ಕಾಗದ ವಾಪಸು ತಳ್ಳುತ್ತಿದ್ದರು. ಅಂಗಡಿ ಬಾಡಿಗೆಗೆ ಇಲ್ಲ, ಯಂತ್ರ ಕಂತಿನ ಮೇಲೆ ಇಲ್ಲ, ಕೊನೆಗೆ ನಿನ್ನ ಫೋನು ಕೂಡ ಗಂಡನ ಹೆಸರಿನಲ್ಲಿ. ಆಗ ನೀನು ಮನೆಯಲ್ಲೇ ಇಸ್ತ್ರಿ ಹಾಕಿ ಕೂಡಿಟ್ಟದ್ದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಮೇಲೆ ಅಷ್ಟೇ ದುಡ್ಡು ಸಾಲ ತೆಗೆದು, ಹದಿನೆಂಟು ತಿಂಗಳು ತಪ್ಪದೆ ತೀರಿಸುತ್ತೇನೆ ಅಂದೆ. ಒಂದೊಂದು ಕಂತೂ ಹೆಸರಿನ ಮುಂದೆ ಒಂದು ಒಳ್ಳೆಯ ಗುರುತು, ಹದಿನೆಂಟು ಗುರುತಾದರೆ ಯಂತ್ರದ ಕಂಪನಿಯವರು ಮತ್ತೆ ಬಾಗಿಲು ತೆರೆಯುತ್ತಾರೆ ಅಂದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಮ್ಮ ದುಡ್ಡನ್ನೇ ಅಡ ಇಟ್ಟು ನಮ್ಮ ದುಡ್ಡನ್ನೇ ಸಾಲ ತಂದು ಅದಕ್ಕೆ ಬಡ್ಡಿ ಬೇರೆ ಕಟ್ಟೋದಾ? ಅವರಿಗೆ ಹುಚ್ಚೋ ನಿನಗೋ?" ಎಂದು ಕೇಳಿದೆ. ನೀನು ನಗಲಿಲ್ಲ. "ಇದು ದುಡ್ಡಿಗಲ್ಲ ಅತ್ತೆ, ಹೆಸರಿಗೆ" ಅಂದೆ. ಸಾಲದ ದುಡ್ಡನ್ನು ಯಂತ್ರದ ಮುಂಗಡಕ್ಕೆಂದು ಮುಟ್ಟದೆ ಇಟ್ಟು, ಕಂತನ್ನು ದುಡಿದೇ ಕಟ್ಟುತ್ತೇನೆಂದು ಆ ದೂರದ ಆಸ್ಪತ್ರೆಗೆ ಹೊರಟೆ.

ಹೊರಡುವ ದಿನ ರೈಲಿನ ಕಿಟಕಿಯಲ್ಲೂ ನಿನ್ನದು ಅದೇ ಮಾತು. "ಐದನೇ ತಾರೀಖು ಅತ್ತೆ. ಒಂದು ದಿನಾನೂ ತಡ ಆಗಬಾರದು." ತಡ ಆಗಬಾರದು ಅಂದೆಯೇ ಹೊರತು ಬೇಗ ಆಗಬಾರದು ಎಂದು ಹೇಳಲಿಲ್ಲ ಕಣೇ. ತಪ್ಪನ್ನು ನಿನ್ನ ತಲೆಗೆ ಕಟ್ಟುತ್ತಿಲ್ಲ, ಸುಮ್ಮನೆ ಹೇಳಿದೆ. ನೀನು ಕಳಿಸುವ ದುಡ್ಡನ್ನು ಕಟ್ಟಲು ಹತ್ತು ತಿಂಗಳು ನಾನು ಐದನೇ ತಾರೀಖು ತಪ್ಪಿಸಿದವಳಲ್ಲ. ಫೋನಿನಲ್ಲೇ ಕಟ್ಟಬಹುದು ಎಂದು ನನ್ನ ಮಗ ತೋರಿಸಲು ಬಂದ, ಕೈಗೆ ಚೀಟಿ ಬಾರದ ದುಡ್ಡನ್ನು ನಾನು ನಂಬುವುದಿಲ್ಲ ಎಂದು ಅವನನ್ನು ಓಡಿಸಿದೆ. ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಾನಿರುತ್ತಿದ್ದೆ. ಮನೆಗೆ ಬಂದು ಚೀಟಿಯನ್ನು ಉದ್ದನೆಯ ಕ್ಯಾನ್ವಾಸು ಪಟ್ಟಿಯ ಮೇಲಿಟ್ಟು ನಾಲ್ಕು ಮೂಲೆಗೂ ಟಾಕು ಹಾಕಿ, ಪಕ್ಕದಲ್ಲಿ ಡಬ್ಬಿಯಿಂದ ಒಂದು ಗುಂಡಿ ಆರಿಸಿ ಹೊಲಿಯುತ್ತಿದ್ದೆ. ಮೊದಲ ತಿಂಗಳದ್ದು ನಿನ್ನ ಮಾವನ ಹಳೆಯ ಕೋಟಿನ ಹಿತ್ತಾಳೆ ಗುಂಡಿ. ಬೀದಿಯವರು ನನ್ನನ್ನು ಗುಂಡಿಯಮ್ಮ ಎಂದು ಕರೆಯುವುದು ಸುಮ್ಮನೆ ಅಲ್ಲ.

ಈಗ ನನ್ನ ಬುದ್ಧಿ ಎಲ್ಲಿ ಎಡವಿತು ಕೇಳು. ಮೂವತ್ತೈದು ವರ್ಷ ಹೊಲಿದಿದ್ದೇನೆ. ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬಟ್ಟೆ ಕೊಟ್ಟವಳೇ ಹೊರತು ನಾಳೆ ಬನ್ನಿ ಎಂದು ಯಾರನ್ನೂ ತಿರುಗಿಸಿದವಳಲ್ಲ. ಬೇಗ ಕೊಟ್ಟರೆ ಗಿರಾಕಿ ಖುಷಿಯಾಗುತ್ತಾನೆ, ಮತ್ತೆ ಬರುತ್ತಾನೆ, ನಾಲ್ಕು ಜನರಿಗೆ ಹೇಳುತ್ತಾನೆ. ನನಗೆ ಗೊತ್ತಿರುವ ಒಳ್ಳೆಯ ಹೆಸರು ಅದೊಂದೇ. ಬ್ಯಾಂಕೂ ಹಾಗೆಯೇ ಇರಬೇಕು ಅಂದುಕೊಂಡೆ. ಚಳಿಗಾಲದಲ್ಲಿ ನಾಟಕಮಂದಿರದವರು ಹೊಸ ಪರದೆ ಹೊಲಿಯಲು ಕೊಟ್ಟರು, ನಿನಗೆ ಹೇಳಿರಲಿಲ್ಲ. ಕೆಂಪು ಮಖಮಲ್ಲು, ಒಂದೊಂದು ಮಡಿಕೆಯೂ ಒಂದು ಮಣ ಭಾರ. ಮನೆಯಲ್ಲಿ ಹಿಡಿಸದೆ ಮೆಟ್ಟಿಲ ಮೇಲೆಲ್ಲ ಹರಡಿಕೊಂಡು ಹೊಲಿದೆ, ಮೇಲಿನ ಮಹಡಿಯವರು ಎರಡು ತಿಂಗಳು ಪರದೆ ದಾಟಿಕೊಂಡೇ ಓಡಾಡಿದರು. ಬಂದ ದುಡ್ಡಿನಲ್ಲಿ ನಿನ್ನ ಉಳಿದ ಕಂತು ಸರಿಯಾಗಿ ಹೊಂದುತ್ತಿತ್ತು. ಏಳು ತಿಂಗಳ ಸಾಲ ಮೊದಲೇ ತೀರಿದರೆ ನೀನು ಏಳು ತಿಂಗಳು ಮೊದಲೇ ಮನೆಗೆ ಬರುತ್ತೀ. ನನ್ನ ಲೆಕ್ಕ ಇಷ್ಟೇ ಇದ್ದದ್ದು. ನೀನು ಇಲ್ಲದೆ ಮನೆ ಬಿಕೋ ಅನ್ನುತ್ತದೆ ಎಂದು ನಾನು ಯಾವತ್ತೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

ಹೋದ ತಿಂಗಳ ಐದಕ್ಕೆ ಒಳ್ಳೆಯ ಕೋಟು ಹಾಕಿಕೊಂಡು ಹೋದೆ. ಕೌಂಟರಿನಲ್ಲಿ ಅದೇ ಕನ್ನಡಕದ ಹುಡುಗಿ. ಪೂರ್ತಿ ಕಟ್ಟಿ ಮುಚ್ಚಿಬಿಡಿ ಎಂದು ದುಡ್ಡು ಮುಂದಿಟ್ಟೆ. ಅವಳು ದುಡ್ಡು ಮುಟ್ಟದೆ, ಮುಚ್ಚುವ ಮೊದಲು ನಿಮ್ಮ ಸೊಸೆಯನ್ನು ಒಂದು ಸಲ ಕೇಳಿಬಿಡಿ ಎಂದು ಮೆತ್ತಗೆ ಹೇಳಿದಳು. ಅಲ್ಲಿಗಾದರೂ ನಾನು ನಿಲ್ಲಬೇಕಿತ್ತು. ಆದರೆ ಪಾಪದ ಹುಡುಗಿಯ ಮೇಲೆ ಹರಿಹಾಯ್ದೆ. "ಸಾಲ ಕೊಡುವಾಗ ನೂರೆಂಟು ಪ್ರಶ್ನೆ, ತೀರಿಸೋಕೆ ಬಂದರೂ ಪ್ರಶ್ನೆನಾ?" ಅಂದೆ. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು, ನಾನು ಇನ್ನಷ್ಟು ಉಬ್ಬಿದೆ. ನೀನು ಹೋಗುವಾಗ ನನ್ನ ಪರವಾಗಿ ಅತ್ತೆಯವರು ವ್ಯವಹರಿಸುತ್ತಾರೆ ಎಂದು ಸಹಿ ಮಾಡಿ ಕೊಟ್ಟಿದ್ದ ಪತ್ರವನ್ನು ಗಾಜಿಗೆ ಒತ್ತಿ ತೋರಿಸಿದೆ. ಅವಳು ದುಡ್ಡು ಎಣಿಸಿಕೊಂಡಳು. ಸಾಲ ಮುಕ್ತಾಯ ಎಂದು ಮುದ್ರೆ ಒತ್ತಿದ ಕಾಗದವನ್ನು ತಂದು ಪಟ್ಟಿಯ ತುದಿಗೆ ಹೊಲಿದು, ಡಬ್ಬಿಯಲ್ಲಿದ್ದ ಅತಿ ಚೆಂದದ ಮುತ್ತಿನ ಗುಂಡಿ ಹಾಕಿದೆ. ನೀನು ರಜೆಗೆ ಬಂದಾಗ ಕಣ್ಣು ಮುಚ್ಚು ಎಂದು ಹೇಳಿ ಕೈಗೆ ಕೊಡಬೇಕೆಂದು ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ತಿರುಗಿದೆ. ನನ್ನ ಬಾಯಿಗೆ ಒಂದು ತಿಂಗಳು ಬೀಗ ಎಂದರೆ ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಾಗಿಲ್ಲ.

ಈ ತಿಂಗಳ ಮೂರಕ್ಕೆ ನಿನ್ನ ದುಡ್ಡು ಬಂತು. ಜೊತೆಗೆ ಚೀಟಿ, "ಹನ್ನೆರಡನೇದು ಅತ್ತೆ, ಇನ್ನು ಆರೇ." ಆ ಆರೇ ಎಂಬುದನ್ನು ಓದಿ ನಾನು ಒಬ್ಬಳೇ ನಕ್ಕೆ. ನಿನ್ನ ಠೇವಣಿಯನ್ನು ಬಿಡಿಸಿಕೊಳ್ಳಲು ಏನು ಮಾಡಬೇಕು ಎಂದು ಕೇಳೋಣವೆಂದು ಐದಕ್ಕೆ ಬ್ಯಾಂಕಿಗೆ ಹೋದೆ. ಇನ್ನು ನನ್ನ ಸೊಸೆ ಯಂತ್ರ ತೆಗೆದುಕೊಳ್ಳಬಹುದಲ್ಲ ಎಂದು ಜಂಭದಿಂದ ಕೇಳಿದೆ. ಕನ್ನಡಕದ ಹುಡುಗಿ ಪಕ್ಕದ ಕೌಂಟರಿನವಳಿಗೆ ಕೆಲಸ ಒಪ್ಪಿಸಿ, ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಕೌಂಟರಿನವರು ಹೊರಗೆ ಬಂದು ಕೂತರೆ ಅದು ಒಳ್ಳೆಯ ಸುದ್ದಿಯಲ್ಲ. "ಕ್ರೆಡಿಟ್ ಸ್ಕೋರು ಅನ್ನೋದು ಸಾಲ ಇಲ್ಲದವರಿಗೆ ಕೊಡೋ ಬಹುಮಾನ ಅಲ್ಲಮ್ಮ. ತಿಂಗಳು ತಿಂಗಳು ಮಾತು ಉಳಿಸಿಕೊಳ್ತಾರಾ ಅಂತ ನೋಡೋದು. ಈಗ ಅವರ ಹೆಸರಲ್ಲಿ ಹನ್ನೊಂದು ತಿಂಗಳು ಇದೆ, ಅಲ್ಲಿಗೆ ನಿಂತುಹೋಯಿತು" ಅಂದಳು. ಹಾಗಾದರೆ ದುಡ್ಡು ವಾಪಸು ಕೊಡಿ, ಸಾಲ ಮತ್ತೆ ತೆರೆಯಿರಿ, ತಿಂಗಳಿಗೊಂದು ಕಟ್ಟುತ್ತೇನೆ ಅಂದೆ. ಮುಚ್ಚಿದ ಸಾಲ ತೆರೆಯುವುದಿಲ್ಲವಂತೆ. ಯಂತ್ರದ ಕಂಪನಿಯವರಿಗೆ ಹದಿನೆಂಟು ತಿಂಗಳು ಒಂದೇ ಸಮನೆ ಕಾಣಬೇಕಂತೆ. ಹೊಸ ಸಾಲ ತೆಗೆದು ಮತ್ತೆ ಮೊದಲನೆಯ ಕಂತಿನಿಂದ ಹದಿನೆಂಟು ಎಣಿಸಬೇಕಂತೆ.

ಆಮೇಲೂ ನನ್ನ ಹಠ ಬಿಡಲಿಲ್ಲ ನೋಡು. ನನ್ನ ಹೆಸರನ್ನು ಹಾಕಿ ನೋಡಿ, ಜೀವಮಾನದಲ್ಲಿ ಒಂದು ಕಾಸು ಸಾಲ ಮಾಡಿದವಳಲ್ಲ, ನನ್ನದು ಎಲ್ಲರಿಗಿಂತ ಚೆನ್ನಾಗಿರುತ್ತದೆ, ಅದರಲ್ಲಿ ಸ್ವಲ್ಪ ಅವಳಿಗೆ ಕೊಡಿ ಅಂದೆ. ಪಾಪ, ಹುಡುಗಿ ಒಳಗೆ ಹೋಗಿ ನೋಡಿ ಬಂದಳು. ನಿಮ್ಮ ಹೆಸರಿನಲ್ಲಿ ಏನೂ ಇಲ್ಲ ಅಂದಳು. ಏನೂ ಇಲ್ಲ ಎಂದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿದೆ. "ಏನೂ ಇಲ್ಲ ಅಂದ್ರೆ ನೀವು ಯಾರು ಅಂತಾನೇ ಇದಕ್ಕೆ ಗೊತ್ತಿಲ್ಲಮ್ಮ" ಅಂದಳು. ಅರವತ್ತೆಂಟು ವರ್ಷ ತಲೆ ಎತ್ತಿಕೊಂಡು ಬದುಕಿದ್ದಕ್ಕೆ ಸಿಕ್ಕಿದ್ದು ಇಷ್ಟು.

ಮನೆಗೆ ಬಂದು ಕೋಟು ತೆಗೆಯದೆ ಅಡುಗೆಮನೆಯಲ್ಲಿ ಕೂತೆ. ನಿನ್ನ ಗಂಡ ಬಂದ, ಹೇಳಿದೆ. ಮೊದಲು ನಕ್ಕ, ಆಮೇಲೆ ಎಣಿಸಿದ, ಆಮೇಲೆ ತಲೆ ಮೇಲೆ ಕೈಹೊತ್ತು ಕೂತ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಎದ್ದು ಹೋಗಿ ನಿನ್ನ ಇಸ್ತ್ರಿ ಮೇಜಿನ ಧೂಳು ಒರೆಸಿದ. ನಿನ್ನ ಹೆಸರನ್ನು ನೀನು ಆವಿಯಲ್ಲಿ ಬೆಂದು ಕಂತು ಕಂತಾಗಿ ಕೂಡಿಸುತ್ತಿದ್ದರೆ, ನಾನು ಒಳ್ಳೆಯ ಕೋಟು ಹಾಕಿಕೊಂಡು ಹೋಗಿ ಒಂದು ಗಳಿಗೆಯಲ್ಲಿ ಕೆಡಿಸಿ ಬಂದೆ. ಅದೂ ಎರಡನೇ ಸಲ.

ಎರಡನೇ ಸಲ ಎಂದು ನಾನೇ ಬರೆಯುತ್ತಿದ್ದೇನೆ, ನೀನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಹೋಟೆಲಿನವರು ಕೈಕೊಟ್ಟ ತಿಂಗಳು ನೀನು ಒಂದು ಕಾಗದ ಹಿಡಿದು ಇದೇ ಮೇಜಿಗೆ ಬಂದು ಕೂತಿದ್ದೆ. ಜಾಮೀನು ಒಬ್ಬರಿದ್ದರೆ ಬ್ಯಾಂಕಿನವರು ಆರು ತಿಂಗಳು ಕಾಯುತ್ತಾರೆ ಅಂದೆ. ನಾನು ಓದಲೂ ಇಲ್ಲ. ನಿನ್ನ ಮಾವ ಸ್ನೇಹಿತನಿಗೆ ಜಾಮೀನು ನಿಂತು ಆರು ವರ್ಷ ಅರ್ಧ ಸಂಬಳ ಕಟ್ಟಿದವರು, ಅದರ ಮೇಲೆ ಈ ಮನೆಯಲ್ಲಿ ಯಾರೂ ಯಾರಿಗೂ ಜಾಮೀನು ಸಹಿ ಹಾಕಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡವರು. ಅದನ್ನು ನಿನಗೆ ಸಮಾಧಾನವಾಗಿ ಹೇಳಬಹುದಿತ್ತು. "ಸಹಿ ಒಂದನ್ನ ಮಾತ್ರ ಕೇಳಬೇಡ" ಎಂದು ಎದ್ದು ಹೋದೆ. ಎರಡು ತಿಂಗಳ ಮೇಲೆ ಯಂತ್ರ ಹೊತ್ತುಕೊಂಡು ಹೋಗಲು ಜನ ಬಂದಾಗ, ಬೀದಿಯವರೆಲ್ಲ ನಿಂತು ನೋಡುತ್ತಿದ್ದಾಗ, ಅಂಗಡಿಯ ಬಾಗಿಲಲ್ಲಿ ನಿಂತು ನಾನು ಇನ್ನೊಂದು ಮಾತು ಹೇಳಿದೆ. "ಇದು ಅವಳ ವ್ಯವಹಾರ. ನಮ್ಮ ಮನೆಗೂ ಇದಕ್ಕೂ ಸಂಬಂಧ ಇಲ್ಲ." ನೀನು ಒಳಗೆ ಕೊನೆಯ ಯಂತ್ರದ ಕೊಳವೆ ಬಿಚ್ಚುತ್ತಿದ್ದೆ. ನಿನ್ನ ಕೈ ಒಂದು ಕ್ಷಣ ನಿಂತು ಮತ್ತೆ ಬಿಚ್ಚತೊಡಗಿದ್ದನ್ನು ನಾನು ನೋಡಿದೆ. ಮನೆಗೆ ಬಂದು ಏನೂ ಆಗದವಳ ಹಾಗೆ ನನಗೆ ಟೀ ಮಾಡಿಕೊಟ್ಟೆ. ಆ ಟೀ ಇನ್ನೂ ನನ್ನ ಗಂಟಲಲ್ಲಿದೆ. ಮೂರು ವರ್ಷದಿಂದ ಕ್ಷಮೆ ಕೇಳಬೇಕು ಅಂದುಕೊಳ್ಳುತ್ತೇನೆ, ಬಾಯಿ ತೆರೆದರೆ ಉಪ್ಪು ಜಾಸ್ತಿಯಾಯಿತು ಎಂದೋ ಕಿಟಕಿ ಮುಚ್ಚು ಎಂದೋ ಬರುತ್ತದೆ. ಈಗ ಕೇಳುತ್ತಿದ್ದೇನೆ. ತಪ್ಪಾಯಿತು ಕಣಮ್ಮ. ಎರಡಕ್ಕೂ ಸೇರಿಸಿ.

ಮೊನ್ನೆ ಶುಕ್ರವಾರ ಸಂಜೆ ಇನ್ನು ಸುಮ್ಮನೆ ಕೂರಲಾರದೆ ನಿನ್ನ ಹಳೆಯ ಅಂಗಡಿಯ ಮಾಲೀಕರಾದ ಔಷಧಿ ಅಂಗಡಿಯವರ ಹತ್ತಿರ ಹೋದೆ. ನಿನ್ನ ಅಂಗಡಿಯನ್ನು ಅವರು ಯಾರಿಗೂ ಕೊಟ್ಟಿಲ್ಲ, ಔಷಧಿ ಡಬ್ಬಗಳನ್ನು ತುಂಬಿದ್ದಾರೆ. ಗೋಡೆಯ ಮೇಲೆ ನೀನು ಬಟ್ಟೆಯ ನಂಬರು ಬರೆಯುತ್ತಿದ್ದ ಹಲಗೆ ಹಾಗೆಯೇ ಇದೆ. ಚೀಟಿ ಹೊಲಿದ ಪಟ್ಟಿಯನ್ನು ಅವರ ಗಾಜಿನ ಕಪಾಟಿನ ಮೇಲೆ ಉದ್ದಕ್ಕೆ ಹಾಸಿದೆ. ಹನ್ನೊಂದು ಚೀಟಿ, ಹನ್ನೊಂದು ಗುಂಡಿ, ಕೊನೆಗೆ ನನ್ನ ಬುದ್ಧಿಗೇಡಿತನದ ಕಾಗದ. ಇವಳು ಒಂದು ತಿಂಗಳೂ ತಪ್ಪಿಸಿಲ್ಲ, ತಪ್ಪಿಸಿದ್ದು ನಾನು, ಇದನ್ನು ನೋಡಿ ಅಂಗಡಿ ಕೊಡುತ್ತೀರಾ ಎಂದು ಕೇಳಿದೆ. ಕೇಳುವಾಗ ಧ್ವನಿ ಒಡೆಯಿತು, ಕೆಮ್ಮಿನ ಮೇಲೆ ಹಾಕಿದೆ. ಅವರು ಕೆಮ್ಮಿನ ಮಾತ್ರೆ ಕೊಟ್ಟರು, ಅದಕ್ಕೆ ದುಡ್ಡೂ ತೆಗೆದುಕೊಂಡರು.

ಆಮೇಲೆ ಅವರು ಡ್ರಾಯರು ಎಳೆದು ಒಂದು ಸಣ್ಣ ಪುಸ್ತಕ ತೆಗೆದು ನನ್ನ ಪಟ್ಟಿಯ ಪಕ್ಕದಲ್ಲಿ ಇಟ್ಟರು. ಅದರಲ್ಲೂ ಹನ್ನೊಂದು ಸಾಲು. "ಅವಳು ನಾಲ್ಕು ತಿಂಗಳ ಬಾಡಿಗೆ ಉಳಿಸಿಕೊಂಡಿದ್ದಳಲ್ಲಮ್ಮ, ಕೋರ್ಟು ಅದನ್ನೂ ಮನ್ನಾ ಮಾಡಿತ್ತು. ಕೊಡಬೇಕಾಗಿರಲಿಲ್ಲ, ನಾನು ಕೇಳಲೂ ಇಲ್ಲ. ಹೋದಾಗಿನಿಂದ ತಿಂಗಳು ತಿಂಗಳು ಕಳಿಸ್ತಿದ್ದಾಳೆ. ಇನ್ನು ಅರ್ಧ ತಿಂಗಳದ್ದು ಬಾಕಿ" ಅಂದರು. ನಾನು ಕಪಾಟು ಹಿಡಿದು ನಿಂತೆ. ಅಯ್ಯೋ ನನ್ನ ತಾಯಿ, ಯಾರಿಗೂ ಹೇಳದೆ ಇದೇನು ಮಾಡಿದೆ ನೀನು? ಬೂಟಿನ ತಳ ಸವೆದಿದೆ, ಹೊಸದು ತೆಗೆದುಕೋ ಎಂದು ನಾನು ಪ್ರತಿ ಸಲ ಹೇಳುವುದು, ಮುಂದಿನ ತಿಂಗಳು ಅತ್ತೆ ಎಂದು ನೀನು ಪ್ರತಿ ಸಲ ಅನ್ನುವುದು, ಊಟದ ಬದಲು ಟೀ, ಎಲ್ಲ ಒಟ್ಟಿಗೆ ಅರ್ಥವಾಯಿತು. ನನಗೆ ಸಿಟ್ಟು ಬಂತು, ಅಳು ಬಂತು, ಎರಡನ್ನೂ ಅವರ ಅಂಗಡಿಯಲ್ಲೇ ಮುಗಿಸಿ ಬಂದೆ. ಹೆಸರು ಎಂದರೆ ಏನು ಎಂದು ಆ ಬ್ಯಾಂಕಿನ ಹುಡುಗಿ ಬೆಂಚಿನ ಮೇಲೆ ಕೂತು ಹೇಳಿದ್ದು ಆಗ ನನ್ನ ತಲೆಗೆ ಸರಿಯಾಗಿ ಹೋಯಿತು.

ಅಂಗಡಿ ಕೊಡಲು ಅವರಿಗೆ ಮನಸ್ಸಿದೆ. "ಈ ಪುಸ್ತಕ ಇರೋವಾಗ ನನಗೆ ಯಾವ ಸ್ಕೋರೂ ಬೇಡ" ಅಂದರು. ಆದರೆ ಕಟ್ಟಡದಲ್ಲಿ ಅವರ ತಮ್ಮನಿಗೂ ಪಾಲು, ಆತ ಕಾಗದದ ಮನುಷ್ಯ. ದಿವಾಳಿಯಾದವರಿಗೆ ಬಾಡಿಗೆಗೆ ಕೊಡಬೇಕಾದರೆ ಜಾಮೀನು ಒಬ್ಬರು ಬೇಕು, ಬಾಡಿಗೆ ನಿಂತರೆ ಅವರು ಕಟ್ಟಬೇಕು, ಬರವಣಿಗೆಯಲ್ಲಿ ಎಂದು ಆತನ ಷರತ್ತು. ನಿಮ್ಮ ಮಗನೇ ಆಗಬಹುದಲ್ಲ ಅಂದರು. ಗಂಡ ಹೆಂಡತಿ ಒಂದೇ ಲೆಕ್ಕ, ಅದಕ್ಕೆ ತಮ್ಮ ಒಪ್ಪುವುದಿಲ್ಲವೆಂದು ಅವರೇ ಮತ್ತೆ ನೆನೆಸಿಕೊಂಡು ಹೇಳಿದರು. ಆಮೇಲೆ ನನ್ನ ಮುಖ ನೋಡಿದರು. ನೋಡೋಣ ಎಂದು ಪಟ್ಟಿ ಸುತ್ತಿಕೊಂಡು ಎದ್ದು ಬಂದೆ. ಜಾಮೀನು ಎಂಬ ಮಾತು ಕೇಳಿದರೆ ಈಗಲೂ ನಿನ್ನ ಮಾವ ಎದುರು ನಿಂತು ಬೆರಳು ತೋರಿಸಿದ ಹಾಗಾಗುತ್ತದೆ.

ಹೊಸ ಸಾಲದ ಅರ್ಜಿಯನ್ನು ಕನ್ನಡಕದ ಹುಡುಗಿ ತೆಗೆದಿಟ್ಟಿದ್ದಾಳೆ. ಅದೇ ಠೇವಣಿಯ ಮೇಲೆ, ಅದೇ ಹದಿನೆಂಟು. ನೀನು ಒಪ್ಪಿದರೆ ನನ್ನ ಹೆಸರನ್ನೂ ಜೊತೆಗೆ ಸೇರಿಸುತ್ತಾರಂತೆ, ನನ್ನ ಗುರುತೂ ಆ ಕಂಪ್ಯೂಟರಿಗೆ ಸ್ವಲ್ಪ ಸಿಗಲಿ. ಆದರೆ ಆ ಹದಿನೆಂಟನ್ನು ನೀನು ಅಲ್ಲೇ ಇದ್ದು ದುಡಿದು ಕಟ್ಟಬೇಕೋ, ಇಲ್ಲಿಗೆ ಬಂದು ಕಟ್ಟಬಹುದೋ ಎಂಬುದೇ ನನ್ನ ತಲೆ ತಿನ್ನುತ್ತಿರುವುದು. ದೊಡ್ಡ ಯಂತ್ರ ಬರುವವರೆಗೆ ಇಸ್ತ್ರಿ, ಕಲೆ ತೆಗೆಯುವುದು, ಜೊತೆಗೆ ನನ್ನ ಹೊಲಿಗೆ ಯಂತ್ರವನ್ನೂ ಅಂಗಡಿಗೆ ಇಳಿಸಿದರೆ ಗುಂಡಿ, ಜಿಪ್ಪು, ಅಂಚು ಹೊಲಿಯುವ ಕೆಲಸ. ಬಾಡಿಗೆ ಹುಟ್ಟುತ್ತದೆ, ಕಂತು ಹುಟ್ಟುತ್ತದೆ, ನನ್ನ ಮಂಡಿಗೂ ಮೆಟ್ಟಿಲು ತಪ್ಪುತ್ತದೆ. ನಾನು ಹೀಗೆ ಕೂತು ಲೆಕ್ಕ ಹಾಕುತ್ತೇನೆ, ಆಮೇಲೆ ಆ ಸಹಿಯ ಹತ್ತಿರ ಬಂದು ನಿಲ್ಲುತ್ತೇನೆ. ನಿನ್ನ ಹನ್ನೆರಡನೆಯ ಕಂತಿನ ದುಡ್ಡು ಗುಂಡಿ ಡಬ್ಬಿಯಲ್ಲಿದೆ, ಒಂದು ಕಾಸೂ ಮುಟ್ಟಿಲ್ಲ. ಅದನ್ನು ಎಲ್ಲಿ ಕಟ್ಟಬೇಕೆಂದು ಗೊತ್ತಾಗದೆ ದಿನಕ್ಕೆ ಎರಡು ಸಲ ಮುಚ್ಚಳ ತೆಗೆದು ನೋಡುತ್ತೇನೆ.

ಸಾಕು, ಕೈ ನೋಯುತ್ತಿದೆ, ಒಲೆಯ ಮೇಲೆ ನೀರು ಬತ್ತಿರಬೇಕು. ಸಿಟ್ಟು ಬಂದರೆ ಸಿಟ್ಟು ಮಾಡಿಕೋ, ಆದರೆ ಊಟ ಬಿಡಬೇಡ. ನಿನ್ನ ಗಂಡ ನೆನಪು ಹೇಳಿದ್ದಾನೆ ಎಂದು ಬರೆಯಬೇಕು, ಅವನು ಹೇಳಿಲ್ಲ, ಆದರೆ ನಾನು ಬರೆಯುವ ಹೊತ್ತಿನಲ್ಲಿ ಮೂರು ಸಲ ನೀರು ಕುಡಿಯಲು ಬಂದ. ದೇವರು ನಿನ್ನ ಕೈ ಕಾಲು ಗಟ್ಟಿಯಾಗಿ ಇಟ್ಟಿರಲಿ. ಈ ಮನೆಯಲ್ಲಿ ನಿನ್ನ ಬಗ್ಗೆ ಹೆಮ್ಮೆ ಪಡುವವಳು ಒಬ್ಬಳಿದ್ದಾಳೆ, ಹೇಳಲು ತಡಮಾಡಿದಳು, ಅಷ್ಟೇ.

ನಿನ್ನ ಅತ್ತೆ

ತಾ.ಕ. ಅವಸರದಲ್ಲಿ ಬರೆಯುತ್ತಿದ್ದೇನೆ, ಭಾನುವಾರವೂ ಹೋಗುವ ಐದು ಗಂಟೆಯ ರೈಲಿನ ಅಂಚೆ ತಪ್ಪಬಾರದು. ಕಾಗದ ಮಡಿಸಿಟ್ಟು ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದು ಔಷಧಿ ಅಂಗಡಿಗೆ ಹೋದೆ. ಜಾಮೀನುದಾರರು ಎಂದು ಇರುವ ಕಡೆ ಸಹಿ ಹಾಕಿ ಬಂದಿದ್ದೇನೆ. ಅಕ್ಷರ ಸೊಟ್ಟಗಾಗಿದೆ, ನೋಡಿ ನಗಬೇಡ. ನಿನ್ನ ಮಾವನಿಗೆ ನಾನು ಮೇಲೆ ಹೋದಾಗ ಉತ್ತರ ಕೊಟ್ಟುಕೊಳ್ಳುತ್ತೇನೆ. ಅದರ ಕೆಳಗೆ ಬಾಡಿಗೆದಾರರಿಗೂ ನಿಮಗೂ ಏನು ಸಂಬಂಧ ಎಂದು ಒಂದು ಗೆರೆ ಇತ್ತು. ನಮ್ಮ ಮನೆಯವಳು ಎಂದು ಬರೆದೆ. ಔಷಧಿ ಅಂಗಡಿಯವರು ಇದು ಕಾನೂನಿನ ಭಾಷೆ ಅಲ್ಲಮ್ಮ ಅಂದರು. ಇರಲಿ ಬಿಡಿ ಅಂದೆ. ನಿನ್ನ ಸಹಿಯ ಜಾಗ ಖಾಲಿ ಇದೆ, ತಿಂಗಳ ಕೊನೆಯವರೆಗೆ ಕಾಯುತ್ತಾರೆ. ನೀನು ಕೆಲಸ ಬಿಡಲು ಎರಡು ವಾರ ಮೊದಲೇ ತಿಳಿಸಬೇಕು ಅಂದಿದ್ದೆಯಲ್ಲ, ಈ ಕಾಗದ ಕೈಸೇರಿದ ದಿನವೇ ತಿಳಿಸು. ಹನ್ನೆರಡನೆಯ ಕಂತನ್ನು ಬರುವ ದಾರಿಯಲ್ಲಿ ರೈಲ್ವೆ ನಿಲ್ದಾಣದಲ್ಲಿ ಕಟ್ಟಿದೆ. ಇಪ್ಪತ್ತೆಂಟನೇ ತಾರೀಖಿನ ಟಿಕೆಟ್ಟು ಈ ಕಾಗದದೊಳಗೆ ಇದೆ, ಕಿಟಕಿಯ ಪಕ್ಕದ ಜಾಗ. ಬರುವುದಕ್ಕೆ ಮಾತ್ರ ತೆಗೆದಿದ್ದೇನೆ, ಹೋಗುವುದಕ್ಕೆ ತೆಗೆದಿಲ್ಲ. ಮತ್ತೆ ಪರವಾಗಿಲ್ಲ ಅತ್ತೆ ಎಂದು ಬರೆದು ಕಳಿಸಬೇಡ. ಬಂದು ನನ್ನನ್ನು ಚೆನ್ನಾಗಿ ಬೈದು, ಆಮೇಲೆ ಸಹಿ ಹಾಕು.